ಗಿರ್ಮಿಟ್ ಮೆತ್ತಗಾಗದಂತೆ ಕಲಸುವುದು ಹೇಗೆ?

ಗಿರ್ಮಿಟ್ ಮಾಡುವುದೇನು ಮಹಾ, ಚುರಮರಿಗೆ (ಮಂಡಕ್ಕಿಗೆ) ಒಗ್ಗರಣೆ ಹಾಕಿ ಕಲಸಿದರೆ ಆಯ್ತಲ್ವಾ? ಹೀಗೆ ಅಂದುಕೊಂಡವರ ಮನೆಯಲ್ಲೆಲ್ಲ ನನಗೆ ಸಿಕ್ಕಿದ್ದು ಹುಳಿಹುಳಿ ಮುದ್ದೆ. ಬಡಿಸಿ ಐದು ನಿಮಿಷ ಆಗಿರುವುದಿಲ್ಲ, ಚುರಮರಿ ಹಲ್ಲಿಗೆ ಅಂಟಲು ಶುರುವಾಗುತ್ತದೆ. ಎಲ್ಲರೂ ಚುರಮರಿಯನ್ನು ಬೈಯುತ್ತಾರೆ. ತಪ್ಪು ಇರುವುದು ಅದಕ್ಕೆ ಕಲಸುವ ಹುಣಸೆ-ಟೊಮೆಟೊ ಗೊಜ್ಜಿನಲ್ಲಿ.

ಮೊದಲು ನೋಡಿಕೊಂಡು ಬನ್ನಿ

ಸಾಧ್ಯವಾದರೆ ಒಂದು ಸಂಜೆ ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಗಾಡಿಗಳು ನಿಲ್ಲುವ ದುರ್ಗದಬೈಲಿಗೆ ಹೋಗಿ. ಧಾರವಾಡದವರಿಗೆ ಚಿಗರಿ ಬಸ್ಸು ಇದ್ದೇ ಇದೆ. ರೈಲಿನಲ್ಲಿ ಬಂದು ಆ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಳಿದಿರೋ, ಹೊರಗೆ ಬರುವಷ್ಟರಲ್ಲೇ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಬ್ರಾಡ್‌ವೇ ಕಡೆಯಿಂದ ಅಂಗಡಿ ನೋಡುತ್ತಾ ಸುಮ್ನೆ ನಡೆದುಕೊಂಡು ಬನ್ನಿ. ಏನೂ ಕೊಳ್ಳಬೇಕೆಂದಿಲ್ಲ. ದೀಪ ಹತ್ತುವ ಹೊತ್ತಿಗೆ ಗಾಡಿಗಳ ಸುತ್ತ ಜನ ಮುತ್ತಿರುತ್ತಾರೆ.

ತಿನ್ನುವ ಮುಂಚೆ ಕಲಸುವವರ ಕೈ ನೋಡಿ. ಗೊಜ್ಜು ಮೊದಲೇ ತಯಾರಾಗಿ, ಆರಿ, ಪಾತ್ರೆಯಲ್ಲಿ ಕೂತಿರುತ್ತದೆ. ಗಿರಾಕಿ ಕೇಳಿದ ಮೇಲೆಯೇ ಚುರಮರಿ ಬೋಗುಣಿಗೆ ಬೀಳುವುದು. ಗೊಜ್ಜು, ಪುಟಾಣಿ ಹಿಟ್ಟು, ನಾಲ್ಕು ಸಲ ಕೈಯಾಡಿಸಿದರೆ ಮುಗಿಯಿತು. ಮನೆಯಲ್ಲಿ ನಾವು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ: ಬಿಸಿ ಗೊಜ್ಜಿನ ಬಾಣಲೆಗೇ ಚುರಮರಿ ಸುರಿದು, ಮುಚ್ಚಳ ಮುಚ್ಚಿ, ನೆಂಟರಿಗೆ ಕಾಯುತ್ತೇವೆ.

ಸಾಮಾನು (ನಾಲ್ಕು ಜನಕ್ಕೆ)

ಚುರಮರಿ 8 ಕಪ್, ಉಳ್ಳಾಗಡ್ಡಿ (ಈರುಳ್ಳಿ) 3, ಟೊಮೆಟೊ 2, ಹಸಿಮೆಣಸಿನಕಾಯಿ 6, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಅದರ ಅರ್ಧದಷ್ಟು ಬೆಲ್ಲ, ಪುಟಾಣಿ ಅರ್ಧ ಕಪ್, ಎಣ್ಣೆ 4 ಚಮಚ, ಕೊತ್ತಂಬರಿ, ಸಣ್ಣ ಸೇವು. ಒಗ್ಗರಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಅರಿಸಿನ.

ಮೆಣಸಿನಕಾಯಿ ಆರಕ್ಕಿಂತ ಕಡಿಮೆ ಮಾಡಬೇಡಿ. ಬೆಲ್ಲ, ಪುಟಾಣಿ ಎರಡೂ ಖಾರವನ್ನು ತಗ್ಗಿಸುತ್ತವೆ. ಕೆಂಪು ಖಾರದ ಪುಡಿಯಂತೂ ಬೇಡವೇ ಬೇಡ, ಇದು ಹಸಿಮೆಣಸಿನಕಾಯಿಯ ತಿಂಡಿ. ಬಾಟಲಿಯಲ್ಲಿ ಬರುವ ಹುಣಸೆ ಪೇಸ್ಟ್ ಗೊಜ್ಜನ್ನು ಕಪ್ಪು ಮಾಡುತ್ತದೆ, ಅದರಲ್ಲಿ ಉಪ್ಪೂ ಜಾಸ್ತಿ. ಟೊಮೆಟೊ ಸಾಸ್ ಹಾಕುವವರನ್ನೂ ನೋಡಿದ್ದೇನೆ. ಅವರ ಬಗ್ಗೆ ಮಾತಾಡುವುದು ಬೇಡ.

ಪುಟಾಣಿ ಎಂದರೆ ಹುರಿಗಡಲೆ. ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿದರೆ ಹಿಟ್ಟು ಸಿದ್ಧ. ಇದರ ಬದಲು ಬಜ್ಜಿಯ ಕಡಲೆಹಿಟ್ಟು ಉದುರಿಸಿದರೆ ಇಡೀ ಬೋಗುಣಿ ಹಸಿಹಸಿ ವಾಸನೆ ಹೊಡೆಯುತ್ತದೆ.

ಹಂತ 1: ಚುರಮರಿ

ಒಂದು ಕಾಳನ್ನು ಬೆರಳಲ್ಲಿ ಹಿಸುಕಿ. ಪುಡಿಯಾದರೆ ಸರಿ, ಚಪ್ಪಟೆಯಾದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಬೆಚ್ಚಗೆ ಮಾಡಿ ಆರಲು ಬಿಡಿ. ಇನ್ನೊಂದು ಕಾಳು ಬಾಯಿಗೆ ಹಾಕಿಕೊಂಡು ಉಪ್ಪು ನೋಡಿ. ಎಷ್ಟೋ ಚುರಮರಿಯಲ್ಲಿ ಉಪ್ಪು ಮೊದಲೇ ಇರುತ್ತದೆ.

ಹಂತ 2: ಗೊಜ್ಜು

ಇಲ್ಲಿ ಅವಸರ ಮಾಡುವ ಹಾಗಿಲ್ಲ. ಹುಣಸೆಹಣ್ಣನ್ನು ಅರ್ಧ ಕಪ್ ಬಿಸಿ ನೀರಲ್ಲಿ ನೆನೆಸಿ, ಕಿವುಚಿ, ಸೋಸಿಡಿ. ಅರ್ಧ ಕಪ್ ಎಂದರೆ ಅರ್ಧ ಕಪ್, ಪಾತ್ರೆ ತೊಳೆದ ನೀರನ್ನೂ ಸೇರಿಸಬೇಡಿ.

ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ ಸಿಡಿಸಿ. ಕರಿಬೇವು ಹಾಕಿ. ಸಣ್ಣಗೆ ಹೆಚ್ಚಿದ ಮೆಣಸಿನಕಾಯಿ ಹಾಕಿ, ಅದು ಬೆಳ್ಳಗಾಗುವವರೆಗೆ ಹುರಿಯಿರಿ. ಕೆಮ್ಮು ಬರುತ್ತದೆ, ಬರಲಿ. ಈಗ ಎರಡು ಉಳ್ಳಾಗಡ್ಡಿ, ಸಣ್ಣಗೆ ಹೆಚ್ಚಿದ್ದು. ಮೆತ್ತಗಾದರೆ ಸಾಕು, ಕೆಂಪಾಗಬಾರದು. ಅರಿಸಿನ, ಟೊಮೆಟೊ ಹಾಕಿ, ಟೊಮೆಟೊ ಕರಗುವವರೆಗೆ ಬಾಡಿಸಿ.

ಆಮೇಲೆ ಹುಣಸೆ ರಸ, ಬೆಲ್ಲ, ಉಪ್ಪು. ಕುದಿ ಬಂದ ಕೂಡಲೇ ಗ್ಯಾಸ್ ಆರಿಸುತ್ತೀರಲ್ಲ, ಅಲ್ಲೇ ಕೆಡುವುದು. ಆಗ ಅದು ಇನ್ನೂ ಸಾರು. ಉರಿ ತಗ್ಗಿಸಿ, ಕೈಯಾಡಿಸುತ್ತಾ ಇರಿ. ಮೊದಲು ದೊಡ್ಡ ಗುಳ್ಳೆ ಎದ್ದು ಒಡೆಯುತ್ತವೆ, ನೊರೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಗುಳ್ಳೆಗಳ ಸದ್ದು ಬದಲಾಗಿ ಪಚಪಚ ಅನ್ನುತ್ತದೆ, ಅಂಚಿನಲ್ಲಿ ಎಣ್ಣೆ ಮಿನುಗುತ್ತದೆ. ಚಮಚದಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಕೂಡಲೇ ಮುಚ್ಚಿಕೊಂಡರೆ ಇನ್ನೂ ಬೇಯಿಸಿ. ತಳ ಕಾಣುತ್ತಾ ಹಾಗೇ ಉಳಿದರೆ ಆಯ್ತು. ನೀರೆಲ್ಲ ಹೋಗಿ ಎಣ್ಣೆಯಷ್ಟೇ ಉಳಿದ ಗೊಜ್ಜು ಚುರಮರಿಗೆ ಮೆತ್ತಿಕೊಳ್ಳುತ್ತದೆ, ಒಳಗೆ ಇಳಿಯುವುದಿಲ್ಲ.

ಬರೀ ಗೊಜ್ಜನ್ನು ನಾಲಿಗೆಗೆ ಇಟ್ಟರೆ ಹುಳಿ, ಖಾರ, ಸಿಹಿ ಮೂರೂ ಅತಿ ಅನ್ನಿಸಬೇಕು. ಈಗಲೇ ಹಿತವಾಗಿದ್ದರೆ ಚುರಮರಿ ಸೇರಿದ ಮೇಲೆ ಸಪ್ಪೆ.

ಇನ್ನು ಆರಲು ಬಿಡಿ. ಬೆರಳಿಟ್ಟರೆ ಬೆಚ್ಚಗಿರಬೇಕು, ಅಷ್ಟೇ. ಬಿಸಿ ಗೊಜ್ಜಿನ ಹಬೆಯೇ ಚುರಮರಿಯನ್ನು ಮೆತ್ತಗೆ ಮಾಡಲು ಸಾಕು.

ಹಂತ 3: ಮಿರ್ಚಿ

ಮಿರ್ಚಿ ಭಜಿ ಕರಿಯುವುದಿದ್ದರೆ ಈಗಲೇ ಕರಿದುಬಿಡಿ, ಕಲಸಿದ ಮೇಲೆ ಅಲ್ಲ. ಮಿರ್ಚಿ ಇಲ್ಲದೆ ಗಿರ್ಮಿಟ್ ಕೊಟ್ಟರೆ ಹುಬ್ಬಳ್ಳಿಯವರು ತಿನ್ನುತ್ತಾರೆ, ಮನಸ್ಸಿನಲ್ಲಿ ಬೈದುಕೊಳ್ಳುತ್ತಾರೆ.

ಹಂತ 4: ಕಲಸುವುದು

ತಿನ್ನುವವರು ಎದುರಿಗೆ ಕೂತ ಮೇಲೆ ಅಗಲ ಬೋಗುಣಿಗೆ ಚುರಮರಿ ಹಾಕಿ. ಮುಕ್ಕಾಲು ಪಾಲು ಗೊಜ್ಜು ಹಾಕಿ ಕೈಯಿಂದಲೇ ಕೆಳಗಿನಿಂದ ಮೇಲಕ್ಕೆ ತಿರುವಿ. ಚಮಚದಲ್ಲಿ ಕಲಸಿದರೆ ಒಂದು ಕಡೆ ಹಳದಿ, ಒಂದು ಕಡೆ ಬಿಳಿ. ರುಚಿ ನೋಡಿ, ಬೇಕಾದರೆ ಉಳಿದದ್ದು ಸೇರಿಸಿ. ಪುಟಾಣಿ ಹಿಟ್ಟು ಕೊನೆಗೆ, ಉಳಿದಿರುವ ಪಸೆಯನ್ನು ಅದು ಹೀರಿಕೊಳ್ಳುತ್ತದೆ. ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಮಸಾಲೆ ಘಮದ ಪ್ಯಾಕೆಟ್ ಸೇವು ಬೇಡ, ಗೊಜ್ಜಿನ ರುಚಿಯನ್ನೇ ನುಂಗಿಬಿಡುತ್ತದೆ. ಹಸಿ ಟೊಮೆಟೊ ಬೇಕೇ ಬೇಕು ಅನ್ನುವವರು ಬೀಜದ ತಿರುಳು ತೆಗೆದು ಹಾಕಿಕೊಳ್ಳಲಿ. ನಾನು ಹಾಕುವುದಿಲ್ಲ.

ಗೊಜ್ಜು ಉಳಿದರೆ ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ತೆಗೆದು ಸ್ವಲ್ಪ ಬೆಚ್ಚಗೆ ಮಾಡಿಯೇ ಬಳಸಿ, ತಣ್ಣಗಿದ್ದರೆ ಗಡ್ಡೆ ಕಟ್ಟಿ ಚುರಮರಿಗೆ ಹತ್ತುವುದಿಲ್ಲ. ಜೋಳದ ರೊಟ್ಟಿಗೂ ಚೆನ್ನಾಗಿರುತ್ತದೆ.