ಟೈಟಾನಿಯಂ ಅಲ್ಯುಮಿನೈಡ್‌ಗೆ ಬೋರಾನ್ ಸೇರಿಸಿದ ಬಗೆ: ನನ್ನ ಅನುಭವ

ಟೈಟಾನಿಯಂ ಮತ್ತು ಅಲ್ಯುಮಿನಿಯಂ ಸೇರಿದ ಲೋಹವಾದ ಟೈಟಾನಿಯಂ ಅಲ್ಯುಮಿನೈಡ್ ಒಂದು ಸಿಸಿಗೆ ಸುಮಾರು 4 ಗ್ರಾಂ ತೂಗುತ್ತದೆ. ಟರ್ಬೈನ್ ಬ್ಲೇಡಿಗೆ ಬಳಸುವ ನಿಕಲ್ ಮಿಶ್ರಲೋಹದ ತೂಕ ಇದರ ಎರಡು ಪಟ್ಟು. ಬೋಯಿಂಗ್ 787ಕ್ಕೆ ಹಾಕುವ ಜಿಇಎನ್‌ಎಕ್ಸ್ ಎಂಜಿನ್‌ನ ಕೊನೆಯ ಎರಡು ಸಾಲಿನ ಬ್ಲೇಡುಗಳು ಇದರದ್ದೇ. ತೊಂದರೆ ಏನೆಂದರೆ, ಬಿಸಿ ಮಾಡದೆ ಎಳೆದರೆ ಶೇ. 1–2ರಷ್ಟು ಹಿಗ್ಗುವುದರೊಳಗೆ ಪಟ್ಟನೆ ಮುರಿಯುತ್ತದೆ.

ಇದಕ್ಕೆ ಬೋರಾನ್ ಸೇರಿಸಿದರೆ ಒಳಗೆ ಟೈಟಾನಿಯಂ ಡೈಬೋರೈಡ್ ಎಂಬ ಸೆರಾಮಿಕ್ ಹುಟ್ಟುತ್ತದೆ. ಮೊದಲೇ ಮುರಿಯುವ ಲೋಹಕ್ಕೆ ಇನ್ನೂ ಬೇಗ ಮುರಿಯುವ ಸೆರಾಮಿಕ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಸೆರಾಮಿಕ್ ಕಣಗಳು ಭಾರ ಹೊರುತ್ತವೆ, ನಿಜ. ಆದರೆ ನಾನು ನೋಡಿದ ಮಟ್ಟಿಗೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಆ ಕಣಗಳು ಅಡ್ಡ ನಿಂತು ಲೋಹದ ಗ್ರೇನ್‌ಗಳು (ಲೋಹದೊಳಗಿನ ಸಣ್ಣ ಸಣ್ಣ ಹರಳುಗಳು) ಬೆಳೆಯದಂತೆ ತಡೆಯುತ್ತವೆ. ಗ್ರೇನ್ ಸಣ್ಣದಾದಷ್ಟೂ ಬಲ ಜಾಸ್ತಿ.

ಟೈಟಾನಿಯಂ ಡೈಬೋರೈಡ್ ಪುಡಿಯನ್ನೇ ಕೊಂಡು ಬೆರೆಸಬಹುದಿತ್ತು. ನನಗೆ ಅದು ಹಿಡಿಸಲಿಲ್ಲ. ಕೊಂಡ ಪುಡಿಯ ಮೈಮೇಲೆ ಆಕ್ಸೈಡ್ ಇರುತ್ತದೆ, ಲೋಹ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಸಣ್ಣ ಕಣಗಳು ಮುದ್ದೆಯೊಳಗೆ ಉಳಿದ ಹಿಟ್ಟಿನ ಹಾಗೆ ಗಂಟುಕಟ್ಟುತ್ತವೆ. ಬಿರುಕು ಶುರುವಾಗುವುದೇ ಆ ಗಂಟಿನಲ್ಲಿ. ಅದಕ್ಕೇ ಬರೀ ಬೋರಾನ್ ಹಾಕಿ, ಡೈಬೋರೈಡ್ ಲೋಹದ ಒಳಗೇ ಹುಟ್ಟುವಂತೆ ಮಾಡಿದೆ. ದಾರಿ ಹೊಸದಲ್ಲ, ಅಮೆರಿಕದ ಮಾರ್ಟಿನ್ ಮರಿಯೆಟಾ ಕಂಪನಿ 1980ರ ದಶಕದಲ್ಲೇ ಎಕ್ಸ್‌ಡಿ ಎಂಬ ಹೆಸರಿನಲ್ಲಿ ಇಂಥ ವಿಧಾನ ತಂದಿತ್ತು.

ಇಲ್ಲಿ ಲೆಕ್ಕ ಮುಖ್ಯ. ನಾನು ತೆಗೆದುಕೊಂಡದ್ದು ನೂರು ಪರಮಾಣುಗಳಲ್ಲಿ 48 ಅಲ್ಯುಮಿನಿಯಂ, 2 ಕ್ರೋಮಿಯಂ, 2 ನಿಯೋಬಿಯಂ, ಉಳಿದದ್ದು ಟೈಟಾನಿಯಂ ಇರುವ ಪುಡಿ. ಬೋರಾನ್ ತನಗೆ ಬೇಕಾದ ಟೈಟಾನಿಯಂ ಅನ್ನು ಈ ಪುಡಿಯಿಂದಲೇ ಕಿತ್ತುಕೊಳ್ಳುತ್ತದೆ: ಒಂದು ಗ್ರಾಂ ಬೋರಾನ್‌ಗೆ 2.2 ಗ್ರಾಂ. ಗಾತ್ರದಲ್ಲಿ ಶೇ. 2ರಷ್ಟು ಡೈಬೋರೈಡ್ ಬೇಕಾದರೆ 100 ಗ್ರಾಂನಲ್ಲಿ ಬೋರಾನ್ ಬರೀ 0.7 ಗ್ರಾಂ. ಇಷ್ಟೇ ತಾನೆ ಅಂತ ಸುಮ್ನೆ ಬಿಟ್ಟರೆ ಉಳಿದ ಲೋಹದಲ್ಲಿ ಅಲ್ಯುಮಿನಿಯಂ 48ರಿಂದ 48.6ರ ಹತ್ತಿರ ಹೋಗುತ್ತದೆ. ಈ ಮಿಶ್ರಲೋಹದಲ್ಲಿ ಅರ್ಧ ಅಂಕದ ಏರುಪೇರೂ ದೊಡ್ಡದೇ. ಈ ಲೋಹದಲ್ಲಿ ಗಾಮಾ, ಆಲ್ಫಾ-2 ಎಂಬ ಎರಡು ಬಗೆಯ ಹರಳುಗಳಿರುತ್ತವೆ, ಆಲ್ಫಾ-2ರಲ್ಲಿ ಟೈಟಾನಿಯಂ ಹೆಚ್ಚು. ಅಲ್ಯುಮಿನಿಯಂ ಏರಿದರೆ ಆಲ್ಫಾ-2 ಕಡಿಮೆಯಾಗಿ, ನಮಗೆ ಬೇಕಾದ ಪದರ ಪದರದ ರಚನೆ ಸಿಗುವುದಿಲ್ಲ. ಹಾಗಾಗಿ 1.55 ಗ್ರಾಂ ಟೈಟಾನಿಯಂ ಪುಡಿಯನ್ನೂ ಜೊತೆಗೆ ತೂಗಿ ಹಾಕಿದೆ.

ಬೆರೆಸಿದ್ದು ಬಾಲ್ ಮಿಲ್‌ನಲ್ಲಿ, ಅಂದರೆ ಉಕ್ಕಿನ ಗುಂಡುಗಳು ಪುಡಿಯನ್ನು ಜಜ್ಜುವ ಯಂತ್ರದಲ್ಲಿ. ಪುಡಿಯ ತೂಕ ಒಂದಾದರೆ ಗುಂಡಿನದು ಹತ್ತು, ಸುತ್ತಲೂ ಆರ್ಗಾನ್ ಅನಿಲ. ಕಾಲು ಗಂಟೆ ಓಡಿಸಿ ಕಾಲು ಗಂಟೆ ಆರಲು ಬಿಡುತ್ತಿದ್ದೆ. ಮಿಲ್ಲಿಂಗ್ ಕಡಿಮೆಯಾದರೆ ಬೋರಾನ್ ಲೋಹದ ಕಣಗಳ ಮೈಗೆ ಮಾತ್ರ ಅಂಟಿಕೊಂಡು, ಆಮೇಲೆ ಡೈಬೋರೈಡ್ ಬಲೆಯ ಹಾಗೆ ಅಂಚಿನಲ್ಲೇ ಕೂರುತ್ತದೆ. ಜಾಸ್ತಿಯಾದರೆ ಪುಡಿ ನುಣ್ಣಗಾಗಿ ಆಕ್ಸಿಜನ್ ಹೀರುತ್ತದೆ, ಗುಂಡುಗಳಿಂದ ಕಬ್ಬಿಣವೂ ಸೇರುತ್ತದೆ. ಎರಡರ ನಡುವೆ ನಾನು ಕಡಿಮೆ ಕಡೆಗೇ ವಾಲಿದೆ. ಈ ಲೋಹಕ್ಕೆ ಆಕ್ಸಿಜನ್‌ಗಿಂತ ಕೆಟ್ಟ ಶತ್ರು ಇಲ್ಲ. ಪಾತ್ರೆಯನ್ನು ಗ್ಲವ್ ಬಾಕ್ಸ್ (ಗಾಳಿ ಹೋಗದ, ಕೈಗವಸು ಜೋಡಿಸಿದ ಪೆಟ್ಟಿಗೆ) ಒಳಗೇ ತೆರೆಯಿರಿ. ನುಣ್ಣನೆ ಟೈಟಾನಿಯಂ ಪುಡಿ ಗಾಳಿಗೆ ತಾಗಿದರೆ ಹೊತ್ತಿಕೊಳ್ಳಬಹುದು.

ಒತ್ತಿ ಕಾಯಿಸಲು ಸ್ಪಾರ್ಕ್ ಪ್ಲಾಸ್ಮಾ ಸಿಂಟರಿಂಗ್, ಅಂದರೆ ವಿದ್ಯುತ್ ಹರಿಸಿ ಬಿಸಿ ಮಾಡುತ್ತಾ ಪುಡಿಯನ್ನು ಒತ್ತಿ ಗಟ್ಟಿ ಮಾಡುವ ವಿಧಾನ. ಗ್ರಾಫೈಟ್ ಡೈ (ಅಚ್ಚು), ನಿರ್ವಾತ, 50 ಮೆಗಾಪಾಸ್ಕಲ್ ಒತ್ತಡ, 1200 ಡಿಗ್ರಿಯಲ್ಲಿ 10 ನಿಮಿಷ. ದೂರದಿಂದಲೇ ಬಿಸಿ ಅಳೆಯುವ ಪೈರೋಮೀಟರ್ ತೋರಿಸುವುದು ಡೈನ ಬಿಸಿ, ಒಳಗಿನ ಸ್ಯಾಂಪಲ್ ಇನ್ನೂ ಬಿಸಿ ಇರುತ್ತದೆ. ಗ್ರಾಫೈಟ್‌ನಿಂದ ಮೇಲ್ಮೈಗೆ ಕಾರ್ಬನ್ ಇಳಿಯುತ್ತದೆ, ಆ ಪದರವನ್ನು ಉಜ್ಜಿ ತೆಗೆಯದೆ ಕಠಿಣತೆ ಅಳೆದರೆ ಅಂಕಿ ಸುಳ್ಳು.

ಹರಳಿನ ಬಗೆ ಗುರುತಿಸುವ ಎಕ್ಸ್‌ರೇ ಪರೀಕ್ಷೆಯಲ್ಲಿ ಶೇ. 2ರಷ್ಟು ಡೈಬೋರೈಡ್ ಅಷ್ಟಾಗಿ ಕಾಣುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನ ಬ್ಯಾಕ್‌ಸ್ಕ್ಯಾಟರ್ ಚಿತ್ರದಲ್ಲಿ (ಭಾರದ ಪರಮಾಣುಗಳಿರುವ ಜಾಗ ಬೆಳ್ಳಗೆ ಕಾಣುವ ಚಿತ್ರ) ಆಲ್ಫಾ-2 ಬೆಳ್ಳಗೆ, ಗಾಮಾ ಬೂದು, ಡೈಬೋರೈಡ್ ಕಪ್ಪು. ಇನ್ನೂ ಕಡುಕಪ್ಪು ಚುಕ್ಕಿ ಕಂಡರೆ ಅದು ಬಹುಶಃ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್), ಅಂದರೆ ಎಲ್ಲೋ ಆಕ್ಸಿಜನ್ ನುಗ್ಗಿದೆ.

ಡೈಬೋರೈಡ್ ಅನ್ನು ಶೇ. 5ಕ್ಕೆ ಏರಿಸಿದಾಗ ಕಠಿಣತೆ ಇನ್ನೂ ಹೆಚ್ಚಿತು. ಆದರೆ ಕಠಿಣತೆ ಅಳೆಯಲು ವಜ್ರದ ಮೊನೆ ಒತ್ತಿದಾಗ ಮೂಡುವ ವಿಕರ್ಸ್ ಗುರುತಿನ ಮೂಲೆಗಳಿಂದ ಬಿರುಕು ಓಡತೊಡಗಿತು. ನಾನು 2ರಲ್ಲೇ ನಿಂತೆ. ಕಾಗದದ ಮೇಲೆ ದೊಡ್ಡ ಅಂಕಿ ಬೇಕಾದವರು 5ಕ್ಕೆ ಹೋಗಲಿ.

ಇನ್ನೊಂದು ಮಾತು. ಸಣ್ಣ ಗ್ರೇನ್ ಬಲ ಕೊಟ್ಟರೂ ಹೆಚ್ಚಿನ ಬಿಸಿಯಲ್ಲಿ ಕ್ರೀಪ್ (ಭಾರದಡಿ ಲೋಹ ನಿಧಾನವಾಗಿ ಹಿಗ್ಗುವುದು) ತಡೆಯಲು ಒಳ್ಳೆಯದಲ್ಲ. ಅದಕ್ಕೆ ಈಗ ಸ್ವಲ್ಪ ಕಾರ್ಬನ್ ಕೂಡ ಸೇರಿಸಿ, ಟೈಟಾನಿಯಂ ಅಲ್ಯುಮಿನಿಯಂ ಕಾರ್ಬೈಡ್ ಹುಟ್ಟಿಸಲು ನೋಡುತ್ತಿದ್ದೇನೆ. ಲೆಕ್ಕ ಮತ್ತೆ ಮಾಡಬೇಕು: ಒಂದು ಕಾರ್ಬನ್ ಪರಮಾಣು ಎರಡು ಟೈಟಾನಿಯಂ ಜೊತೆಗೆ ಒಂದು ಅಲ್ಯುಮಿನಿಯಂ ಅನ್ನೂ ಎಳೆದುಕೊಳ್ಳುತ್ತದೆ.