ಗೋಡೆ ಏರಿದ ಟಗರಿನ ತಲೆ: ನನ್ನ ಅನುಭವ

ಸತ್ತ ಪ್ರಾಣಿಯ ಚರ್ಮ ಹದ ಮಾಡಿ, ಅಚ್ಚಿನ ಮೇಲೆ ಹೊದಿಸಿ, ಗೋಡೆಗೆ ಹಾಕುವ ತಲೆ ಮಾಡುವುದಕ್ಕೆ ಟ್ಯಾಕ್ಸಿಡರ್ಮಿ ಅನ್ನುತ್ತಾರೆ. ಕೃಷ್ಣಮೃಗ, ಕೊಂಡುಕುರಿ (ನಾಲ್ಕು ಕೊಂಬಿನ ಕಾಡು ಹುಲ್ಲೆ) ತಲೆಯನ್ನು ಹಾಗೆ ಮಾಡಿಸೋಕಾಗುತ್ತಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆಗಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೇಟೆಯೂ ಇಲ್ಲ, ಆ ತಲೆಯೂ ಇಲ್ಲ. ನಮ್ಮ ಜಗಳೂರು ಕಡೆಯ ರಂಗಯ್ಯನದುರ್ಗದ ಕಾಡನ್ನು ಕೊಂಡುಕುರಿಗೆ ಅಂತಲೇ ಅಭಯಾರಣ್ಯ ಮಾಡಿದ್ದಾರೆ. ಅದು ಅಲ್ಲೇ ಮೇಯ್ದುಕೊಂಡಿರಲಿ. ನಾನು ಮಾಡಿಸಿದ್ದು ನಮ್ಮ ಹಟ್ಟಿಯ ಬೀಜದ ಟಗರಿನ ತಲೆ. ಸಾಕಿದ ಪ್ರಾಣಿ, ಆ ಕಾಯ್ದೆಯೊಳಗೆ ಬರಲ್ಲ. ಕೆಲಸ ಮಾತ್ರ ಅದೇ. ಹುಲ್ಲೆಗೂ ಟಗರಿಗೂ ಕೊಂಬಿನ ಒಳಗೆ ಎಲುಬು, ಮೇಲೆ ಟೊಳ್ಳು ಚಿಪ್ಪು. ಸುಲಿಯುವುದು, ಉಪ್ಪು ಹಾಕುವುದು, ಕಿವಿ ತಿರುಗಿಸುವುದು ಎಲ್ಲ ಒಂದೇ.

ಊರಲ್ಲಿ ಯಾರೂ ನಂಬಿರಲಿಲ್ಲ. 'ಈ ಕೆಲಸಕ್ಕೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್‌ನವರೇ 1999ರಲ್ಲಿ ಬಾಗಿಲು ಹಾಕಿದರು, ಇನ್ನು ಯಾರಿಗೆ ಬರುತ್ತೆ ಬಿಡಣ್ಣ' ಅಂದರು. ನಮ್ಮ ಮಾವ, 'ಕುರಿ ತಲೆ ಸಾರಿಗೆ ಸರಿ ಕಣಪ್ಪ, ಗೋಡೆಗಲ್ಲ' ಅಂದರು. ಈಗ ಆ ತಲೆ ಎರಡು ಮಳೆಗಾಲ ಕಳೆದು ಪಡಸಾಲೆಯಲ್ಲಿದೆ. ಒಂದು ಕೂದಲು ಉದುರಿಲ್ಲ. ಮಾವ ಬಂದಾಗಲೆಲ್ಲ ಅದರ ಕೆಳಗೇ ಕೂರುತ್ತಾರೆ.

ಇಷ್ಟು ದಿನ ಒದ್ದಾಡಿ ನಾನು ಕಂಡುಕೊಂಡಿದ್ದು ಒಂದೇ. ಕೆಲಸ ಹೆಚ್ಚಾಗಿ ಕೆಡುವುದು ಟ್ಯಾಕ್ಸಿಡರ್ಮಿ ಮಾಡುವವರ ಕೈಯಲ್ಲಲ್ಲ, ಮೊದಲ ನಾಲ್ಕೈದು ಗಂಟೆಯಲ್ಲಿ, ನಮ್ಮ ಹಟ್ಟಿಯಲ್ಲೇ. ಚರ್ಮದಲ್ಲಿ ಕೊಳೆ ಶುರುವಾದರೆ ಕೂದಲಿನ ಬುಡ ಸಡಿಲವಾಗುತ್ತದೆ. ಆವತ್ತು ಕಾಣಲ್ಲ. ಹದ ಮಾಡುವಾಗ ಕಿವಿ, ತುಟಿ, ಕಣ್ಣಿನ ಸುತ್ತ ಗೊಂಚಲು ಗೊಂಚಲಾಗಿ ಕಿತ್ತು ಬರುತ್ತದೆ. ಆಮೇಲೆ ದೇವರು ಬಂದರೂ ಅಂಟಿಸೋಕಾಗಲ್ಲ. ಹಾಗಾಗಿ ಬೇಸಿಗೆಯಲ್ಲಿ, ದುಗ್ಗಮ್ಮನ ಜಾತ್ರೆ ಹೊತ್ತಿನ ಬಿಸಿಲಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಡಿಸೆಂಬರ್, ಜನವರಿ, ಬೆಳಗಿನ ಜಾವ. ನಮ್ಮ ಟಗರಿಗೆ ಹಲ್ಲು ಸವೆದು ಮೇವು ಅಗಿಯೋಕೆ ಆಗುತ್ತಿರಲಿಲ್ಲ. ಅದಕ್ಕೇ ದಿನ ನೋಡಿ ಇಟ್ಟುಕೊಂಡೆವು.

ಇನ್ನೊಂದು. ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಲ್ಲಿ ರಕ್ತ ಬಂದ ಪ್ರಾಣಿಗೆ ಚಾಕು ತಾಗಿಸಲೇಬೇಡಿ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಮನುಷ್ಯರಿಗೂ ಬರುತ್ತದೆ. ಪಶು ಡಾಕ್ಟರಿಗೆ ಫೋನ್ ಮಾಡಿ, ಅಷ್ಟೇ.

ಕೊಯ್ಯುವವನ ಜೊತೆ ಮೊದಲೇ ಮಾತಾಡಬೇಕು. ಅವನು ಅಭ್ಯಾಸಬಲದಲ್ಲಿ ದವಡೆ ಕೆಳಗೇ ಕೊಯ್ಯುತ್ತಾನೆ. ಹೊಲಿಗೆ ನೇರ ಕಣ್ಣಿಗೆ ಹೊಡೆಯುವ ಜಾಗ ಅದು. ನಾನು ಇನ್ನೂರು ರೂಪಾಯಿ ಜಾಸ್ತಿ ಕೊಟ್ಟು ಕತ್ತಿನ ಬುಡದಲ್ಲಿ, ಎದೆ ಹತ್ತಿರ ಕೊಯ್ಯಿಸಿದೆ. ಸುಲಿದಿದ್ದು ನಾನೇ. ಮುಂಗಾಲಿನ ಹಿಂದೆ ಸುತ್ತ ಒಂದು ಗೆರೆ, ಅಲ್ಲಿಂದ ಬೆನ್ನ ಮೇಲೆ ಕತ್ತಿನ ಹಿಂದೆ ಹಾಯ್ದು ಕೊಂಬಿನ ತನಕ ಒಂದು ಗೆರೆ, ಅಲ್ಲಿ ಎರಡು ಕವಲು. ಚರ್ಮ ಜಾಸ್ತಿ ಬಿಟ್ಟಷ್ಟೂ ಒಳ್ಳೆಯದು. ಜಾಸ್ತಿಯಾದರೆ ಕತ್ತರಿಸಬಹುದು, ಕಡಿಮೆಯಾದರೆ ಎಲ್ಲಿಂದ ತರೋದು? ಕೊಂಬಿನ ಬುಡದಲ್ಲಿ ಚಾಕು ಬೇಡ, ಮೊಂಡು ಸ್ಕ್ರೂಡ್ರೈವರ್‌ನಲ್ಲಿ ಮೀಟಬೇಕು. ಸುಲಿಯುವ ಮೊದಲೇ ಟೇಪ್ ಹಿಡಿದು ಕಣ್ಣಿನ ಮೂಲೆಯಿಂದ ಮೂಗಿನ ತುದಿ, ಕತ್ತಿನ ಸುತ್ತಳತೆ ಮೂರು ಕಡೆ ಬರೆದಿಟ್ಟುಕೊಂಡೆ. ನಮ್ಮ ಟಗರಿನ ಅಳತೆಗೆ ರೆಡಿಮೇಡ್ ಫೋಮ್ ಅಚ್ಚು ಸಿಗಲ್ಲ, ಕೆತ್ತಿಸಬೇಕು. ಆಗ ಈ ಅಳತೆಯೇ ಗತಿ.

ಜನ ಸೋಲುವುದು ಕಿವಿಯಲ್ಲಿ. ಕಿವಿಯ ಹಿಂಬದಿ ಚರ್ಮಕ್ಕೂ ಒಳಗಿನ ಮೆದು ಎಲುಬಿಗೂ ನಡುವೆ ಐಸ್‌ಕ್ರೀಮ್ ಕಡ್ಡಿ ತೂರಿಸಿ, ಬೆರಳಲ್ಲಿ ಸ್ವಲ್ಪ ಸ್ವಲ್ಪ ತಳ್ಳುತ್ತಾ ಹೋಗಬೇಕು. ಬಿಳಿ ಪೊರೆ ಸಣ್ಣಗೆ ಚರಚರ ಅನ್ನುತ್ತಾ ಬಿಡುತ್ತದೆ. ತುದಿ ತನಕ ಬಿಡಿಸಿ ಕಾಲುಚೀಲದ ಹಾಗೆ ಒಳಗು ಹೊರಗು ಮಾಡಬೇಕು. ಹಾಗೆ ಮಾಡದಿದ್ದರೆ ಉಪ್ಪು ಒಳಗೆ ಹೋಗಲ್ಲ, ಕಿವಿ ಕೊಳೆಯುತ್ತದೆ. ಕೊನೆಯ ಒಂದಿಂಚು ಹರಿಯದಂತೆ ಬಿಡಿಸೋಕೆ ನನ್ನದೇ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ. ತುಟಿ, ರೆಪ್ಪೆ, ಮೂಗಿನ ಹೊಳ್ಳೆಯನ್ನೂ ಒಳಗಿನಿಂದ ಸೀಳಿ ತೆಳ್ಳಗೆ ಮಾಡಬೇಕು. 22 ನಂಬರ್ ಸರ್ಜಿಕಲ್ ಬ್ಲೇಡ್ ಸಾಕು.

ಉಪ್ಪಿನ ವಿಷಯದಲ್ಲಿ ಜಿಪುಣತನ ಬೇಡ. ಚರ್ಮದ ತೂಕದಷ್ಟೇ ಉಪ್ಪು, ಸುಮಾರು ಐದು ಕೆಜಿ ಹಿಡಿಯಿತು. ಕಲ್ಲುಪ್ಪನ್ನು ಹಾಗೇ ಹಾಕಿದರೆ ಹರಳಿನ ನಡುವಿನ ಜಾಗ ಬರೀ ಉಳಿಯುತ್ತದೆ. ಮಟನ್ ಅಂಗಡಿಯಿಂದ ತಂದ ತಲೆಗಳ ಮೇಲೆ ಅಭ್ಯಾಸ ಮಾಡುವಾಗ ಕಲ್ಲುಪ್ಪು ಹಾಕಿದ್ದಕ್ಕೆಲ್ಲ ಕಿವಿ ಕೂದಲು ಹೋಯಿತು. ಒಂದೊಂದು ತಲೆಗೆ ಮುನ್ನೂರು ನಾನೂರು ರೂಪಾಯಿ, ಅದೂ ಸುಡದೆ ಕೊಡಿ ಅಂತ ಗೋಗರೆದು ತಂದಿದ್ದು. ಆಮೇಲೆ ಕುಟ್ಟಿ ಜರಡಿ ಹಿಡಿದು ಹಾಕಿದೆ, ನಿಂತಿತು. ಇಳಿಜಾರು ಹಲಗೆ ಮೇಲೆ ಒಂದು ದಿನ ನೀರು ಬಸಿಯಬೇಕು. ಒದ್ದೆ ಉಪ್ಪು ಕೊಡವಿ, ಮತ್ತೆ ಹೊಸದು ಹಾಕಿ, ನೆರಳಲ್ಲಿ ಒಣಗಿಸಬೇಕು.

ಕೊಂಬು ಸುಲಭ. ಬಕೆಟ್ ನೀರಲ್ಲಿ ಎರಡು ವಾರ ಮುಳುಗಿಸಿಟ್ಟರೆ ಚಿಪ್ಪು ತಿರುಚಿ ಎಳೆದಾಗ ಕಳಚಿ ಬರುತ್ತದೆ. ವಾಸನೆ ಮಾತ್ರ ಭಯಂಕರ. ಒಳ ಎಲುಬು ತೊಳೆದು, ಒಣಗಿಸಿ, ಬೋರಾಕ್ಸ್ (ಬಿಳಿಗಾರ) ಹಚ್ಚಿ, ಎಂ-ಸೀಲ್‌ನಲ್ಲಿ ಮತ್ತೆ ಕೂರಿಸಿದರಾಯಿತು.

ಹದ ಮಾಡುವುದನ್ನೂ ನಾನೇ ನೋಡಿದೆ, ತುಂಡು ಚರ್ಮಗಳ ಮೇಲೆ. ರಸ್ತೆ ಬದಿಯ ತಂಗಡಿ ತೊಗಟೆ ಕುದಿಸಿ ನೆನೆಹಾಕಿದೆ. ಚರ್ಮ ಸೊಗಸಾಗಿ ಬಂತು, ಆದರೆ ಬಿಳಿ ಉಣ್ಣೆ ಕಂದು ಬಣ್ಣಕ್ಕೆ ತಿರುಗಿತು. ಕೂದಲು ಉಳಿಸಬೇಕಾದ ಕೆಲಸಕ್ಕೆ ಅದು ಬೇಡ. ಪಟಿಕ ಮತ್ತು ಉಪ್ಪು ಬಿಳಿ ಉಳಿಸಿತು, ಆದರೆ ಚುಚ್ಚಿದ ಗುಂಡುಸೂಜಿಗೆಲ್ಲ ತುಕ್ಕು. ಚಳ್ಳಕೆರೆ ಕಡೆ ಕಂಬಳಿ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರಲ್ವಾ, ಅದನ್ನೇ ಚರ್ಮ ಅಂಟಿಸೋಕೆ ಬಳಸಿ ನೋಡಿದೆ. ಬೇಸಿಗೆಯಲ್ಲಿ ಕಲ್ಲಿನಂತೆ ಕೂತಿತು. ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಬೋರಾಕ್ಸ್ ಬೆರೆಸಿ ಇನ್ನೊಮ್ಮೆ ನೋಡಬೇಕು ಅಂತಿದೆ. ಉಣ್ಣೆ ತೊಳೆಯೋಕೆ ಮಾತ್ರ ಅಂಟುವಾಳಕ್ಕೆ ಸಮ ಯಾವುದೂ ಇಲ್ಲ.

ಈಗ ಮಾಡಿಕೊಡುವವರ ವಿಷಯ. ನನ್ನ ದುಡ್ಡು ಜಾಸ್ತಿ ಹೋಗಿದ್ದು ಇಲ್ಲೇ. ಇದಕ್ಕೂ ಮುಂಚಿನ ಟಗರಿನ ಚರ್ಮ ಒಬ್ಬರಿಗೆ ಕೊಟ್ಟಿದ್ದೆ, ಮುಂಗಡ ಎಂಟು ಸಾವಿರ. ವರ್ಷದ ಹತ್ತಿರ ಕಾಯಿಸಿ, ರೆಪ್ಪೆ ಹರಿದು ಉಣ್ಣೆ ಗಂಟುಗಟ್ಟಿದ ಚರ್ಮ ವಾಪಸ್ ಕಳಿಸಿದರು. ಇನ್ನೊಬ್ಬರು ಮೂರು ಸಾವಿರ ತಗೊಂಡು ಫೋನ್ ಎತ್ತೋದೇ ಬಿಟ್ಟರು. ಅದಾದ ಮೇಲೆ ಯಾರ ಹತ್ತಿರ ಹೋದರೂ ಹೊಸ ಕೆಲಸದ ಫೋಟೋ ನೋಡೋದು ಬಿಟ್ಟೆ. ಐದಾರು ವರ್ಷ ಹಳೆಯ ತಲೆ ತೋರಿಸಿ ಅನ್ನುತ್ತಿದ್ದೆ. ಹೊಸದು ಎಲ್ಲರದ್ದೂ ಚೆನ್ನಾಗೇ ಕಾಣುತ್ತದೆ. ಹಳೆಯದರಲ್ಲಿ ತುಟಿ ಎಳೆದುಕೊಂಡು ಹಲ್ಲಿನ ಜಾಗ ಬಿಟ್ಟಿದೆಯಾ, ಕಿವಿ ಸುಕ್ಕಾಗಿದೆಯಾ, ಹೊಲಿಗೆ ಬಾಯಿ ಬಿಟ್ಟಿದೆಯಾ, ಅಷ್ಟು ನೋಡಿದರೆ ಸಾಕು. ತೀರಾ ಹಳೇ ಕಾಲದ ತಲೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಆಗಿನವರು ಹುಳ ಬರದಂತೆ ಪಾಷಾಣ ಹಚ್ಚುತ್ತಿದ್ದರು.

ಕಣ್ಣು ಇನ್ನೊಂದು ಪರೀಕ್ಷೆ. ಕುರಿ ಕಣ್ಣಿನ ಪಾಪೆ ಅಡ್ಡಗೆರೆಯಂತೆ ಇರುತ್ತದೆ. ಒಬ್ಬರು ಗುಂಡು ಪಾಪೆಯ ಗಾಜಿನ ಕಣ್ಣು ತೋರಿಸಿ 'ನಡೆಯುತ್ತೆ ಸಾರ್' ಅಂದರು. ಅಲ್ಲಿಂದಲೇ ಎದ್ದು ಬಂದೆ. ದಿನಾ ಮೇವು ಹಾಕಿದವನಿಗೆ ಅದರ ನೋಟ ಗೊತ್ತಿರುತ್ತದೆ, ಅದು ತಪ್ಪಿದರೆ ಉಳಿದದ್ದೆಲ್ಲ ದಂಡ.

ಕೊನೆಗೆ ಸಿಕ್ಕವರು ಪಶುವೈದ್ಯ ಕಾಲೇಜಿಗೆ ಪ್ರಾಣಿಗಳ ಮಾದರಿ ಮಾಡಿಕೊಟ್ಟವರು. ನಾನು ಚರ್ಮ ಬಿಚ್ಚಿದ ತಕ್ಷಣ ಅವರು ಕಿವಿಯ ಹತ್ತಿರ ಕೂದಲು ಚಿವುಟಿ ಎಳೆದು ನೋಡಿದರು. ಬರಲಿಲ್ಲ. 'ಯಾರು ಸುಲಿದಿದ್ದು?' ಅಂದರು. ಆಗಲೇ ಇವರೇ ಸರಿ ಅನ್ನಿಸಿತು. ಮುಂಗಡ ಮೂರನೇ ಒಂದು ಭಾಗ, ಅಚ್ಚು ಕೆತ್ತಿದಾಗ ಇನ್ನೊಂದು, ತಲೆ ಕೈಗೆ ಬಂದಾಗ ಉಳಿದಿದ್ದು ಅಂತ ಮಾತಾಯಿತು. ಒಟ್ಟು ಇಪ್ಪತ್ತೆಂಟು ಸಾವಿರದ ಆಸುಪಾಸು, ಹಲಗೆ ಸೇರಿ. ಆರೇಳು ತಿಂಗಳು ಹಿಡಿಯಿತು. ಅದಕ್ಕಿಂತ ಬೇಗ ಕೊಡುತ್ತೇನೆ ಅನ್ನುವವರನ್ನು ನಾನು ನಂಬಲ್ಲ, ಒಣಗೋಕೆ ಟೈಮ್ ಬೇಕು.

ಈಗ ಅವರೇ ನಮ್ಮ ಕಡೆಯ ಗಿರಾಕಿಗಳನ್ನು ಸುಲಿಯುವ ಕೆಲಸಕ್ಕೆ ನನ್ನ ಹತ್ತಿರ ಕಳಿಸುತ್ತಾರೆ. ಹೋದ ಚಳಿಗಾಲದಲ್ಲಿ ಹಿರಿಯೂರು ಕಡೆಯಿಂದಲೂ ಬಂದಿದ್ದರು. ಒಂದು ತಲೆಗೆ ಎರಡು ಸಾವಿರ ತಗೊಳ್ಳುತ್ತೇನೆ, ಉಪ್ಪು ಅವರದ್ದೇ. ಮಾರ್ಚ್‌ನಿಂದ ಮೇ ತನಕ ಎಷ್ಟು ಕೊಟ್ಟರೂ ಮಾಡಲ್ಲ.