ಹೆಡ್ಡಿಂಗ್ ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕು?

ಶಿವರಾತ್ರಿ ಹತ್ತಿರ ಬಂತೆಂದರೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಿದ್ಧಗಂಗಾ ಜಾತ್ರೆಯ ಬ್ಯಾನರ್‌ಗಳು ಏಳುತ್ತವೆ. ಬಹಳಷ್ಟು ಬ್ಯಾನರ್ ಶುರುವಾಗುವುದೇ ‘ಹಾರ್ದಿಕ ಸ್ವಾಗತ’ ಅಂತ. ಒಮ್ಮೆ ನಿಂತು ನೋಡಿ. ಅಗಲಕ್ಕೆ ತುಂಬಿಕೊಳ್ಳಲಿ ಅಂತ ಅಕ್ಷರಗಳ ನಡುವೆ ಜಾಗ ಬಿಟ್ಟಿರುತ್ತಾರೆ. ಅರ್ಕಾವತ್ತು ‘ದಿ’ಯ ಪಕ್ಕ ಬಿಟ್ಟು ಒಂಟಿಯಾಗಿ ನಿಂತಿರುತ್ತದೆ. ಅದು ಒತ್ತಿನ ಹಾಗೆ ಕಾಣುವುದಿಲ್ಲ, ಕನ್ನಡ ಅಂಕಿ ೯ರ ಹಾಗೆ ಕಾಣುತ್ತದೆ. ‘ಹಾದಿ ೯ ಕ’.

ಪತ್ರಿಕೆಯ ಪುಟದಲ್ಲೂ ಇದೇ ತಪ್ಪು ಆಗುತ್ತದೆ. ಪುಟ ಕಟ್ಟುವ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರ ಪಕ್ಕ ಕೂತು ಎಷ್ಟೋ ಸಲ ನೋಡಿದ್ದೇನೆ. ಅವರನ್ನು ಬೈದು ಪ್ರಯೋಜನವಿಲ್ಲ. ಸಿಗುವ ಪಾಠಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ನಮ್ಮ ಅಕ್ಷರಕ್ಕೆ ತಲಕಟ್ಟು ಇದೆ, ಕೊಂಬು ಇದೆ, ದೀರ್ಘ ಇದೆ, ಕೆಳಗೆ ಒತ್ತು ಇದೆ. ಇವೆಲ್ಲ ಸೇರಿದರೇ ಒಂದು ಅಕ್ಷರ. ಆ ಸಂಸಾರವನ್ನು ಒಡೆಯದೆ ಜಾಗ ಹೊಂದಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಾನು ಇನ್‌ಡಿಸೈನ್ ಅನ್ನುವ ಪುಟ ಕಟ್ಟುವ ಸಾಫ್ಟ್‌ವೇರ್ ಬಳಸುವವನು, ಹಾಗಾಗಿ ಅದರ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಎರಡು ಮಾತು ತಿಳಿದಿರಲಿ. ಇಡೀ ಸಾಲಿನ ಅಕ್ಷರಗಳನ್ನು ಒಂದೇ ಅಳತೆಯಲ್ಲಿ ಹತ್ತಿರ ತರುವುದು ಅಥವಾ ದೂರ ಸರಿಸುವುದು ಟ್ರ್ಯಾಕಿಂಗ್. ಎರಡೇ ಎರಡು ಅಕ್ಷರಗಳ ನಡುವಿನ ಜಾಗ ಸರಿಮಾಡುವುದು ಕರ್ನಿಂಗ್. ಅಚ್ಚುಮೊಳೆಯ ಕಾಲದಲ್ಲೂ ಈ ಕೆಲಸ ಇತ್ತು. ದೂರ ಸರಿಸಬೇಕಾದರೆ ಮೊಳೆಗಳ ನಡುವೆ ತೆಳು ಹಿತ್ತಾಳೆ ಪಟ್ಟಿಯನ್ನೋ ಕಾಗದದ ಚೂರನ್ನೋ ಸಿಕ್ಕಿಸುತ್ತಿದ್ದರು. ಹತ್ತಿರ ತರಬೇಕಾದರೆ ಮೊಳೆಯ ಪಕ್ಕವನ್ನೇ ಅರದಿಂದ ಉಜ್ಜಬೇಕಿತ್ತು. ಈಗ ಬಾಣದ ಕೀ ಒತ್ತಿದರೆ ಸಾಕು. ಅದಕ್ಕೇ ಜನ ಜಾಸ್ತಿ ಒತ್ತುತ್ತಾರೆ.

ಹೆಜ್ಜೆ 1: ಫಾಂಟ್ ಯಾವುದು ಅಂತ ನೋಡಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಫಾಂಟ್ ಯೂನಿಕೋಡ್ (ಈಗ ಫೋನ್, ವೆಬ್ ಎಲ್ಲ ಕಡೆ ನಡೆಯುವ ಅಕ್ಷರ ಪದ್ಧತಿ) ಆಗಿದೆಯೋ, ಹಳೆಯ ಕಾಲದ ಆಸ್ಕಿ ಫಾಂಟೋ?

ನುಡಿ, ಬರಹ ಎಂಬ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಅಕ್ಷರವನ್ನು ಚೂರು ಚೂರು ಜೋಡಿಸಿ ಕಟ್ಟಿರುತ್ತಾರೆ. ‘ತುಮಕೂರು’ ತಗೊಳ್ಳಿ. ಕಣ್ಣಿಗೆ ಕಾಣುವುದು 4 ಅಕ್ಷರ. ನುಡಿಯ ಹಳೆಯ ಫಾಂಟ್‌ನಲ್ಲಿ ಅದು 12 ಚೂರು. ತಕಾರದ ಮೈ ಒಂದು, ತಲಕಟ್ಟು ಒಂದು, ಕೊಂಬು ಒಂದು. ‘ಮ’ ಕೂಡ ಒಂದೇ ತುಂಡಲ್ಲ. ಅದೂ ಮೂರು ಚೂರು: ವಕಾರದ ಮೈ, ತಲಕಟ್ಟು, ಪಕ್ಕದ ಕೊಂಬು. ಟ್ರ್ಯಾಕಿಂಗ್ ಕೊಟ್ಟ ತಕ್ಷಣ ಸಾಫ್ಟ್‌ವೇರ್ ಈ 12 ಚೂರುಗಳ ನಡುವೆಯೂ ಜಾಗ ಬಿಡುತ್ತದೆ. ತಲಕಟ್ಟು ಮೈಯಿಂದ ಕಳಚಿಕೊಳ್ಳುತ್ತದೆ. ಹತ್ತಿರ ತಂದರೆ ಚೂರುಗಳು ಒಂದರ ಮೇಲೊಂದು ಏರಿ ಮಸಿ ಗಡ್ಡೆಯಾಗುತ್ತದೆ.

ಆಸ್ಕಿ ಫಾಂಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅನ್ನುವವರಿಗೆ ನನ್ನ ಸಲಹೆ: ಟ್ರ್ಯಾಕಿಂಗ್ ಸೊನ್ನೆಯಲ್ಲೇ ಇರಲಿ. ಒಂದು ಅಕ್ಷರದ ಕೊನೆಯ ಚೂರು ಮುಗಿದ ಮೇಲೆ, ಮುಂದಿನ ಅಕ್ಷರದ ಮೊದಲ ಚೂರಿಗೆ ಮುಂಚೆ ಕರ್ಸರ್ ಇಟ್ಟು ಅಲ್ಲಿ ಮಾತ್ರ ಕರ್ನಿಂಗ್ ಮಾಡಿ. ಬೇಸರದ ಕೆಲಸ, ಆದರೆ ಅಕ್ಷರ ಉಳಿಯುತ್ತದೆ. ಪೇಜ್‌ಮೇಕರ್ ಅನ್ನುವ ಹಳೆಯ ಸಾಫ್ಟ್‌ವೇರ್ ಇನ್ನೂ ಬಳಸುವವರಿಗೂ ಇದೇ ಮಾತು. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದರಲ್ಲಿ ಕನ್ನಡ ಯೂನಿಕೋಡ್ ನಡೆಯುವುದಿಲ್ಲ.

ಪೆನ್ ಡ್ರೈವ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ‘ನೂರಾರು ಕನ್ನಡ ಫಾಂಟ್’ ಕಂತೆಯನ್ನು ಹೆಡ್ಡಿಂಗ್‌ಗೆ ಬಳಸಲೇಬೇಡಿ. ಅವುಗಳಲ್ಲಿ ಒತ್ತಿನ ಅಳತೆ ಒಂದಕ್ಕೊಂದು ಹೊಂದುವುದಿಲ್ಲ. ನೀವು ಎಷ್ಟು ಸರಿಮಾಡಿದರೂ ಮುಗಿಯುವುದಿಲ್ಲ. ಉಚಿತವಾಗಿ ಸಿಗುವ ಒಳ್ಳೆಯ ಯೂನಿಕೋಡ್ ಫಾಂಟ್‌ಗಳೇ ಬೇಕಾದಷ್ಟಿವೆ. ನೋಟೋ ಸೆರಿಫ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ. ಹೆಡ್ಡಿಂಗ್‌ಗೆ ನನ್ನ ಮೊದಲ ಆಯ್ಕೆ ಅನೇಕ್. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ಕಂಪೋಸರ್ ಬದಲಿಸಿ

ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೂಲೆಯ ಮೆನು ತೆಗೆದು ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಸಾಲಿನಲ್ಲಿ ಅಕ್ಷರ ಜೋಡಿಸುವುದು ಕಂಪೋಸರ್ ಕೆಲಸ. ಇದಿಲ್ಲದಿದ್ದರೆ ಒತ್ತಕ್ಷರ ಕೂಡುವುದಿಲ್ಲ, ‘ಕ್ಕ’ ಬರಬೇಕಾದ ಕಡೆ ‘ಕ್‌ಕ’ ಬರುತ್ತದೆ. ಉಚಿತವಾಗಿ ಸಿಗುವ ಸ್ಕ್ರೈಬಸ್ ಸಾಫ್ಟ್‌ವೇರ್ ಬಳಸುವವರು 1.6 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿಕೊಳ್ಳಿ. ಹಳೆಯ 1.4ರಲ್ಲಿ ಕನ್ನಡ ಸರಿಯಾಗಿ ಕೂಡುವುದಿಲ್ಲ.

ಹೆಜ್ಜೆ 3: ಹೆಡ್ಡಿಂಗ್ ಕಾಲಂಗೆ ಕೂರುತ್ತದೋ ನೋಡಿ

ಕೂರದಿದ್ದರೆ ಪದ ಬದಲಿಸಿ, ಅಕ್ಷರ ಹಿಸುಕಬೇಡಿ. ನಮ್ಮ ಜಿಲ್ಲೆಯಲ್ಲಿ ಇದರ ಪರೀಕ್ಷೆ ಅಂದರೆ ಚಿಕ್ಕನಾಯಕನಹಳ್ಳಿ. ಒಂದು ಕಾಲಂ ಸುದ್ದಿಗೆ ಊರ ಹೆಸರೇ ಒಂದು ಸಾಲು ತಿನ್ನುತ್ತದೆ. ಆಗ ಹೊಸಬರು ಮಾಡುವುದು ಎರಡು ಕೆಲಸ. ಟ್ರ್ಯಾಕಿಂಗ್ ಅನ್ನು ಮೈನಸ್ 60ಕ್ಕೆ ಇಳಿಸುತ್ತಾರೆ. ಇಲ್ಲವೇ ಅಕ್ಷರದ ಅಗಲವನ್ನು ಶೇ 70ಕ್ಕೆ ಹಿಸುಕುತ್ತಾರೆ. ಹಿಸುಕಿದಾಗ ನಿಂತ ಗೆರೆ ತೆಳುವಾಗುತ್ತದೆ, ಮಲಗಿದ ಗೆರೆ ಹಾಗೇ ದಪ್ಪ ಉಳಿಯುತ್ತದೆ. ‘ಕ’ದ ಹೊಟ್ಟೆ ಮುಚ್ಚಿಹೋಗುತ್ತದೆ. ಶೇ 95ಕ್ಕಿಂತ ಕೆಳಗೆ ಇಳಿಯಲೇಬಾರದು ಅನ್ನುವುದು ನನ್ನ ನಿಯಮ.

ಬದಲಿಗೆ ‘ಚಿ.ನಾ.ಹಳ್ಳಿ’ ಅಂತ ಹಾಕಿ, ಜಿಲ್ಲೆಯ ಓದುಗರಿಗೆ ಗೊತ್ತಾಗುತ್ತದೆ. ಅಥವಾ ಸಹಜವಾಗಿಯೇ ಅಗಲ ಕಡಿಮೆ ಇರುವ ಅಕ್ಷರ ಬಳಸಿ. ಅನೇಕ್ ಕನ್ನಡವನ್ನು ನಾನು ಮೆಚ್ಚುವುದು ಇದಕ್ಕೇ. ಅದರಲ್ಲಿ ಕಂಡೆನ್ಸ್ಡ್ ಅಕ್ಷರವನ್ನು ಬೇರೆಯಾಗಿಯೇ ಬರೆದಿದ್ದಾರೆ. ಗೆರೆಯ ದಪ್ಪ ಕೆಡುವುದಿಲ್ಲ.

ಹೆಜ್ಜೆ 4: ಟ್ರ್ಯಾಕಿಂಗ್

ಸಾಲನ್ನು ಪೂರ್ತಿ ಆರಿಸಿ, ಆಲ್ಟ್ ಕೀ ಹಿಡಿದು ಎಡ ಬಾಣ ಒತ್ತಿದರೆ ಹತ್ತಿರ ಬರುತ್ತದೆ, ಬಲ ಬಾಣ ಒತ್ತಿದರೆ ದೂರ ಹೋಗುತ್ತದೆ. ಒಂದು ಸಲ ಒತ್ತಿದರೆ ಅಕ್ಷರದ ಅಳತೆಯ ಸಾವಿರದಲ್ಲಿ 20 ಪಾಲು ಸರಿಯುತ್ತದೆ. 48 ಪಾಯಿಂಟ್ ಹೆಡ್ಡಿಂಗ್‌ನಲ್ಲಿ ಅದು ಹೆಚ್ಚುಕಡಿಮೆ 1 ಪಾಯಿಂಟ್. ಕನ್ನಡಕ್ಕೆ ಇದು ಜಾಸ್ತಿಯಾಯಿತು. ಪ್ರಿಫರೆನ್ಸಸ್‌ನಲ್ಲಿ ‘ಯೂನಿಟ್ಸ್ ಅಂಡ್ ಇಂಕ್ರಿಮೆಂಟ್ಸ್’ ತೆಗೆದು 20 ಇದ್ದದ್ದನ್ನು 5 ಮಾಡಿ. ಇವತ್ತೇ ಮಾಡಿ. ಕೈ ತಾನಾಗೇ ಹದಕ್ಕೆ ಬರುತ್ತದೆ.

ದೊಡ್ಡ ಹೆಡ್ಡಿಂಗ್‌ಗೆ ಸೊನ್ನೆಯಿಂದ ಮೈನಸ್ 10, ಅಷ್ಟೇ. ಅದಕ್ಕಿಂತ ಇಳಿಸಿ ಜಾಗ ಉಳಿಸುತ್ತೇನೆ ಅನ್ನುವವರಿಗೆ ಒಂದು ಲೆಕ್ಕ: ನಾಲ್ಕು ಪದದ 48 ಪಾಯಿಂಟ್ ಸಾಲಿಗೆ ಮೈನಸ್ 10 ಕೊಟ್ಟರೆ ಉಳಿಯುವುದು ಸುಮಾರು 3 ಮಿಲಿಮೀಟರ್. ಒಂದು ಅಕ್ಷರಕ್ಕೂ ಸಾಲದು. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಬಂದರೆ ಮಾತ್ರ ಪ್ಲಸ್ 5 ಕೊಡಿ. ನ್ಯೂಸ್‌ಪ್ರಿಂಟ್ ಕಾಗದ ಮಸಿ ಹೀರಿ ಹರಡಿಕೊಳ್ಳುತ್ತದೆ. ಬಿಳಿ ಅಕ್ಷರ ಸುತ್ತಲಿಂದ ಸವೆದು ತೆಳುವಾಗುತ್ತದೆ.

ಸ್ಪೇಸ್ ಬಾರ್ ಒತ್ತಿ ‘ತು ಮ ಕೂ ರು’ ಅಂತ ಬಿಡಿಸುವವರಿದ್ದಾರೆ. ದಯವಿಟ್ಟು ಬೇಡ. ಸಾಲು ಎಲ್ಲಿ ಬೇಕೋ ಅಲ್ಲಿ ಮುರಿಯುತ್ತದೆ. ಅದೇ ಪಠ್ಯ ವೆಬ್‌ಸೈಟಿಗೆ ಹೋದಾಗ ‘ತುಮಕೂರು’ ಅಂತ ಹುಡುಕಿದವರಿಗೆ ಸುದ್ದಿ ಸಿಗುವುದೇ ಇಲ್ಲ.

ಹೆಜ್ಜೆ 5: ಕರ್ನಿಂಗ್

ಎಲ್ಲರೂ ಎಡವುವುದು ಇಲ್ಲೇ. ಈ ಸಾಲನ್ನು ತೆರೆಯ ಮೇಲೆ ಟೈಪ್ ಮಾಡಿಕೊಂಡು ಜೊತೆಗೇ ಬನ್ನಿ:

ಸಿದ್ಧಗಂಗಾ ಜಾತ್ರೆಗೆ ಭರ್ಜರಿ ಸಿದ್ಧತೆ

ಕ್ಯಾರೆಕ್ಟರ್ ಪ್ಯಾನೆಲ್‌ನಲ್ಲಿ ಕರ್ನಿಂಗ್ ‘ಮೆಟ್ರಿಕ್ಸ್’ ಇರಲಿ. ‘ಆಪ್ಟಿಕಲ್’ ಬೇಡ. ಅದು ಆಕಾರ ನೋಡಿ ಜಾಗ ಲೆಕ್ಕ ಹಾಕುತ್ತದೆ. ಒತ್ತು ಇರುವ ಕಡೆ ಅದರ ಲೆಕ್ಕವನ್ನು ನಾನು ನಂಬುವುದಿಲ್ಲ. ಪುಟವನ್ನು ಶೇ 400ಕ್ಕೆ ಹಿಗ್ಗಿಸಬೇಡಿ, ಶೇ 100ರಲ್ಲೇ ನೋಡಿ. ಹಿಗ್ಗಿಸಿ ನೋಡಿದರೆ ಪ್ರತಿ ಸಂದೂ ದೊಡ್ಡದಾಗೇ ಕಾಣುತ್ತದೆ.

ಕರ್ಸರ್ ಅನ್ನು ‘ಸಿ’ ಮತ್ತು ‘ದ್ಧ’ ನಡುವೆ ಇಡಿ. ಸಾಮಾನ್ಯವಾಗಿ ಇಲ್ಲಿ ಏನೂ ಮಾಡಬೇಕಿಲ್ಲ. ಮುಂದೆ ‘ದ್ಧ’ ಮತ್ತು ‘ಗಂ’. ಧಕಾರದ ಒತ್ತು ದಕಾರದ ಕೆಳಗೆ ಬಲಕ್ಕೆ ಕೂರುತ್ತದೆ. ಆ ಒತ್ತಿಗೆ ಜಾಗ ಬೇಕು ಅಂತ ಬಹಳ ಫಾಂಟ್‌ಗಳು ಮುಂದಿನ ಅಕ್ಷರವನ್ನು ಆಚೆ ತಳ್ಳುತ್ತವೆ. ಕೆಳಗೆ ತುಂಬಿಕೊಂಡಿರುತ್ತದೆ, ಮೇಲೆ ‘ದ’ ಮತ್ತು ‘ಗ’ ನಡುವೆ ಹಲ್ಲು ಬಿದ್ದ ಹಾಗೆ ಸಂದು. ಆಲ್ಟ್ ಹಿಡಿದು ಎಡ ಬಾಣ ಒಂದೊಂದೇ ಸಲ ಒತ್ತಿ. ಗಕಾರದ ಎಡಗಾಲು ಒತ್ತಿನ ಹತ್ತಿರ ಬಂದು, ಮುಟ್ಟುವ ಮುಂಚೆ ನಿಲ್ಲಿಸಿ. ಕಣ್ಣು ಮೇಲಿನ ಸಂದಿನ ಮೇಲಿರಲಿ. ಓದುಗರ ಕಣ್ಣು ಓಡುವುದು ತಲಕಟ್ಟಿನ ಸಾಲಿನಲ್ಲಿ, ಅಲ್ವಾ? ಅಲ್ಲಿ ಸಮ ಕಂಡರೆ ಸಾಲು ಸಮ ಕಾಣುತ್ತದೆ.

ಈಗ ‘ಗಂ’ ಮತ್ತು ‘ಗಾ’. ಅನುಸ್ವಾರದ ಸೊನ್ನೆಗೆ ತಲಕಟ್ಟಿಲ್ಲ, ಅದರ ಸುತ್ತ ಬಯಲು ಜಾಸ್ತಿ. ಅದು ಹಿಂದಿನ ‘ಗ’ಕ್ಕೆ ಸೇರಿದ್ದು ಅಂತ ನೋಡಿದ ತಕ್ಷಣ ಗೊತ್ತಾಗಬೇಕು. ಎಡಗಡೆ ಜಾಗ ಕಡಿಮೆ, ಬಲಗಡೆ ಒಂದಿಷ್ಟು ಜಾಸ್ತಿ. ಎರಡೂ ಕಡೆ ಸಮ ಬಿಟ್ಟರೆ ‘ಗ೦ಗಾ’ ನಡುವೆ ಯಾರೋ ಅಂಕಿ ಬರೆದ ಹಾಗೆ ಕಾಣುತ್ತದೆ. ಎಡಗಡೆ ದೂರ ಅನ್ನಿಸಿದರೆ ಮೊದಲು ಟ್ರ್ಯಾಕಿಂಗ್ ಪ್ಲಸ್ ಇದೆಯೋ ನೋಡಿ, ಇದ್ದರೆ ಆ ಪದಕ್ಕೆ ಸೊನ್ನೆ ಮಾಡಿ. ‘ಗ’ ಮತ್ತು ಅದರದೇ ಸೊನ್ನೆಯ ನಡುವೆ ಕರ್ಸರ್ ತೂರಿಸಲು ಹೋಗಬೇಡಿ.

‘ತ್ರೆ’ ಮತ್ತು ‘ಗೆ’ ನಡುವೆಯೂ ‘ದ್ಧಗ’ದ್ದೇ ಕತೆ. ಅಲ್ಲಿ ಕೊಟ್ಟಷ್ಟೇ ಕೊಡಿ.

ಉಳಿದದ್ದು ‘ಭರ್ಜರಿ’. ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಕಾಗದದ ಮೇಲೆ ಅದು ‘ಜ’ದ ಬಲಕ್ಕೆ ಬಂದು ಕೂರುತ್ತದೆ. ಅದಕ್ಕೇ ಅರ್ಕಾವತ್ತು ಯಾರದ್ದು ಅಂತ ಕಣ್ಣಿಗೆ ಗೊಂದಲ. ‘ಭ’ ಮತ್ತು ‘ರ್ಜ’ ನಡುವೆ ಮುಟ್ಟಬೇಡಿ. ‘ರ್ಜ’ ಮತ್ತು ‘ರಿ’ ನಡುವೆ ಕರ್ಸರ್ ಇಟ್ಟು, ‘ರಿ’ ಅರ್ಕಾವತ್ತಿಗೆ ಅಂಟಿದ್ದರೆ ಬಲ ಬಾಣ ಒಂದು ಸಲ ಒತ್ತಿ. ಎಲ್ಲ ಕಡೆ ಹತ್ತಿರ ತರುವ ಕೈ ಇಲ್ಲಿ ದೂರ ಸರಿಸಬೇಕು. ಅರ್ಕಾವತ್ತು ‘ರಿ’ಗಿಂತ ‘ಜ’ಕ್ಕೆ ಹತ್ತಿರ ಕಂಡರೆ ಗೆದ್ದಿರಿ. ಕೀಬೋರ್ಡ್‌ನಲ್ಲಿ ಅರ್ಕಾವತ್ತು ಸಿಗಲಿಲ್ಲ ಅಂತ ಅಂಕಿ ೯ ಒತ್ತಿ ‘ಭಜ೯ರಿ’ ಮಾಡುವವರೂ ಇದ್ದಾರೆ. ಹಾಗೆ ಬಂದ ಪಠ್ಯವನ್ನು ಜಾಗ ಹೊಂದಿಸುವ ಮುಂಚೆಯೇ ತಿದ್ದಿ.

ಕೈ ತಪ್ಪಿ ಎಲ್ಲ ಕಲಸಿಹೋಯಿತಾ? ಸಾಲು ಆರಿಸಿ ಕಂಟ್ರೋಲ್, ಆಲ್ಟ್, ಕ್ಯೂ ಒಟ್ಟಿಗೆ ಒತ್ತಿ. ಎಲ್ಲ ಮೊದಲಿನಂತಾಗುತ್ತದೆ.

ಫ್ಲೆಕ್ಸ್ ಅಂಗಡಿಯ ಗೆಳೆಯರು ಕೋರೆಲ್‌ಡ್ರಾದಲ್ಲಿ ಶೇಪ್ ಟೂಲ್ ಹಿಡಿದು ಬಾಣ ಎಳೆಯುತ್ತಾರೆ. ಯೂನಿಕೋಡ್ ಫಾಂಟ್ ಇದ್ದರೆ ಒಂದು ಮಟ್ಟಿಗೆ ಸರಿ. ಆಸ್ಕಿ ಫಾಂಟ್‌ನಲ್ಲಿ ಎಳೆದರೆ ತಲಕಟ್ಟು ಕೈಗೆ ಬರುತ್ತದೆ. ‘ಹಾದಿ ೯ ಕ’ ಹುಟ್ಟುವುದು ಅಲ್ಲೇ.

ಹೆಜ್ಜೆ 6: ಪದಗಳ ನಡುವೆ, ಸಾಲುಗಳ ನಡುವೆ

ಅಕ್ಷರ ಹತ್ತಿರ ಬಂದ ಮೇಲೆ ಪದಗಳ ನಡುವಿನ ಜಾಗ ದೊಡ್ಡದಾಗಿ ಕಾಣುತ್ತದೆ. ಜಸ್ಟಿಫಿಕೇಷನ್ ತೆಗೆದು ವರ್ಡ್ ಸ್ಪೇಸಿಂಗ್‌ನ ‘ಡಿಸೈರ್ಡ್’ ಅನ್ನು ಶೇ 85 ಮಾಡಿ. ಎರಡು ಸಾಲಿನ ಹೆಡ್ಡಿಂಗ್ ಆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. 48 ಪಾಯಿಂಟ್ ಅಕ್ಷರಕ್ಕೆ 56ರಿಂದ 58 ಪಾಯಿಂಟ್ ಲೀಡಿಂಗ್, ಅಂದರೆ ಸಾಲಿನಿಂದ ಸಾಲಿಗೆ ಅಂತರ, ಕೊಡಿ.

ಹೆಜ್ಜೆ 7: ಪ್ರಿಂಟ್ ತೆಗೆದು ತಲೆಕೆಳಗಾಗಿ ನೋಡಿ

ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆಯಿರಿ. ಹಾಳೆಯನ್ನು ತಲೆಕೆಳಗು ಮಾಡಿ ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಹಾಗಿದ್ದಾಗ ಓದಲು ಆಗುವುದಿಲ್ಲ, ಕಣ್ಣಿಗೆ ಕಪ್ಪು ಬಿಳುಪಷ್ಟೇ ಕಾಣುತ್ತದೆ. ಎಲ್ಲಿ ಬಿಳಿ ಕಿಂಡಿ ಹೊಳೆಯುತ್ತದೋ ಅಲ್ಲಿಗೆ ಪೆನ್ಸಿಲ್ ಗುರುತು ಹಾಕಿ ಹೋಗಿ ಸರಿಮಾಡಿ.

ಹೊರಗಡೆ ಪ್ರಿಂಟ್‌ಗೆ ಕಳಿಸುವುದಾದರೆ ಫಾಂಟ್ ಸೇರಿಸಿದ ಪಿಡಿಎಫ್ ಕಳಿಸಿ. ಅವರು ‘ಔಟ್‌ಲೈನ್ ಮಾಡಿ ಕೊಡಿ’ ಅಂದರೆ ಫೈಲ್‌ನ ನಕಲು ತೆಗೆದು ಆ ನಕಲನ್ನು ಔಟ್‌ಲೈನ್ ಮಾಡಿ. ಔಟ್‌ಲೈನ್ ಆದ ಮೇಲೆ ಅದು ಬರೀ ಚಿತ್ರ. ಜಾತ್ರೆಯ ದಿನ ಬದಲಾಯಿತು ಅಂತ ರಾತ್ರಿ ಹತ್ತಕ್ಕೆ ಫೋನ್ ಬಂದರೆ ತಿದ್ದಲು ಮೂಲ ಫೈಲ್ ಬೇಕೇ ಬೇಕು.